ಹದಿಹರೆಯದವರಿಗೆ ಯುದ್ಧದ ಚರಿತ್ರೆ

ಸೇವೆಯಿಂದ ನಿವೃತ್ತನಾಗಿ ಹುಟ್ಟೂರಾದ ಮೋಕಕ್ಕೆ ಮರಳಿದ ಮೇಲೆ, ಸಂಜೆಯ ಹೊತ್ತು ನೆರೆಯ ಕೆಲವು ಹುಡುಗರು ಪುಸ್ತಕ ಕೇಳಿಕೊಂಡು ನಮ್ಮ ಮನೆಗೆ ಬರುವುದು ವಾಡಿಕೆಯಾಗಿದೆ. ಅವರಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಒಂದು ದಿನ ತಾನೇ ಒಂದು ಪುಸ್ತಕವನ್ನು ಹಿಡಿದು ಬಂದ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಸೋದರಮಾವ ತಂದುಕೊಟ್ಟ ಇಂಗ್ಲಿಷ್ ಪುಸ್ತಕ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಚರಿತ್ರೆ. ಹದಿಹರೆಯದವರಿಗೆಂದೇ ಬರೆದದ್ದು. ನುಣುಪಾದ ಕಾಗದ, ಪುಟಪುಟಕ್ಕೂ ಚಿತ್ರ, ಸೇನೆಗಳ ನಡೆಯನ್ನು ಬಾಣದ ಗುರುತಿನಿಂದ ತೋರಿಸುವ ನಕಾಶೆಗಳು. ಹುಡುಗ ಅದರಲ್ಲಿ ಅರ್ಧವನ್ನು ಓದಿ ಮುಗಿಸಿದ್ದ. "ಚೆನ್ನಾಗೈತಿ ತಾತಾ. ಆದ್ರೆ ಈ ಯುದ್ಧಕ್ಕೂ ನಮಗೂ ಏನು ಸಂಬಂಧ?" ಎಂದು ಕೇಳಿದ.

ನಾನು ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಾಠ ಹೇಳಿದವನು, ತಡವರಿಸಲಿಲ್ಲ. ಲಿಂಕನ್ನನ ಹೆಸರು ಹೇಳಿದೆ, ಗುಲಾಮಗಿರಿಯ ನಿರ್ಮೂಲನವನ್ನು ಹೇಳಿದೆ, ನಾಲ್ಕು ಇಸವಿಗಳನ್ನು ಹೇಳಿದೆ. ಮಾನವಕುಲ ತಾನೊಂದೆ ಎಂಬ ಭಾವದ ಮಾತೊಂದನ್ನು ಕೊನೆಗೆ ಸೇರಿಸಿದೆ. ಹುಡುಗ ವಿನಯದಿಂದ ತಲೆಯಾಡಿಸಿ ಹೊರಟುಹೋದ. ಆ ವಿನಯವನ್ನು ನಾನು ಬಲ್ಲೆ. ಉತ್ತರ ದೊರೆಯದ ವಿದ್ಯಾರ್ಥಿಗಳು ಗಂಟೆ ಬಾರಿಸುವವರೆಗೆ ತಾಳಿಕೊಂಡು ಕುಳಿತಿರುವ ವಿನಯ ಅದು. ಅವನು ಹೋದ ಮೇಲೆ ನನಗೆ ನಾಚಿಕೆಯಾಯಿತು. ಅವನ ಪ್ರಶ್ನೆಯ ಉತ್ತರ ನಮ್ಮೂರಿನ ಎರೆಹೊಲಗಳಲ್ಲೇ ಬಿದ್ದಿತ್ತು. ನಾನು ಅದನ್ನು ಬಿಟ್ಟು ವಾಷಿಂಗ್ಟನ್ನಿಗೆ ಹೋಗಿದ್ದೆ.

ಹದಿಹರೆಯದವರಿಗೆ ಯುದ್ಧದ ಚರಿತ್ರೆಯನ್ನು ಹೇಗೆ ಹೇಳಬೇಕು ಎಂಬ ವಿಚಾರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅಮೆರಿಕದವರು ತಮ್ಮ ಯುದ್ಧಗಳನ್ನು ತಮ್ಮ ಮಕ್ಕಳಿಗೆ ಹೇಗೆ ಹೇಳಿದ್ದಾರೆ, ನಾವು ನಮ್ಮವನ್ನು ಹೇಗೆ ಹೇಳಿಕೊಂಡು ಬಂದಿದ್ದೇವೆ, ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಯಾವುದು ಎಂಬುದನ್ನು ಇಲ್ಲಿ ಯೋಚಿಸಿ ನೋಡುತ್ತೇನೆ.

ಮೊದಲು ಓದುಗನ ವಯಸ್ಸನ್ನು ನೆನೆಯಬೇಕು. ಹದಿಮೂರರಿಂದ ಹದಿನೆಂಟರವರೆಗಿನ ಓದುಗನಿಗೆ ಕಥೆಯ ರುಚಿ ಇನ್ನೂ ಹೋಗಿರುವುದಿಲ್ಲ. ಹೇಳಿದ್ದು ನಿಜವೇ ಎಂಬ ಸಂಶಯ ಆಗಲೇ ತಲೆಯೆತ್ತಿರುತ್ತದೆ. ಯುದ್ಧದ ಮಟ್ಟಿಗೆ ಇನ್ನೂ ಒಂದು ಮಾತುಂಟು. ಲೋಕದ ಸೇನೆಗಳು ಎಲ್ಲ ಕಾಲಕ್ಕೂ ಕಣ್ಣಿಟ್ಟಿರುವುದು ಈ ವಯಸ್ಸಿನ ಮೇಲೆಯೇ. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿಗೆ ಹದಿನಾರು ವರ್ಷ ಎನ್ನುತ್ತದೆ ನಮ್ಮ ಪರಂಪರೆ. ಅಮೆರಿಕದ ಅಂತರ್ಯುದ್ಧದಲ್ಲಿ ನಗಾರಿ ಬಾರಿಸಲೆಂದು ಹತ್ತು ಹನ್ನೆರಡು ವರ್ಷದ ಹುಡುಗರೂ ದಂಡಿನ ಹಿಂದೆ ಹೊರಟರು. ಜಾನ್ ಕ್ಲೆಮ್ ಎಂಬವನು ಹತ್ತು ತುಂಬುವ ಹೊತ್ತಿಗೆ ಸೇನೆಯ ಜೊತೆಗಿದ್ದ. ಬದುಕಿ ಉಳಿದು, ದಳಪತಿಯಾಗಿ 1915ರಲ್ಲಿ ನಿವೃತ್ತನಾದ. ಬದುಕಿ ಉಳಿದವನ ಕಥೆಯನ್ನು ಹೇಳುವುದು ಸುಲಭ. ಉಳಿಯದೆ ಹೋದ ಹುಡುಗರ ಕಥೆಯನ್ನು ಅದೇ ವಯಸ್ಸಿನ ಓದುಗನ ಮುಂದೆ ಇಡುವುದು ಕಷ್ಟ. ಲೇಖಕನ ಹೊಣೆ ಇರುವುದು ಅಲ್ಲಿ.

ಅಮೆರಿಕದಲ್ಲಿ ಈ ವಯಸ್ಸಿನವರಿಗಾಗಿ ಚರಿತ್ರೆ ಬರೆಯುವ ಸಂಪ್ರದಾಯ ಗಟ್ಟಿಯಾಗಿದೆ. 1950ರಲ್ಲಿ ರ್‍ಯಾಂಡಮ್ ಹೌಸ್ ಎಂಬ ಪ್ರಕಾಶನ ಸಂಸ್ಥೆ 'ಲ್ಯಾಂಡ್‌ಮಾರ್ಕ್' ಮಾಲೆಯನ್ನು ಆರಂಭಿಸಿ, ಒಳ್ಳೆಯ ಲೇಖಕರಿಂದ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆಸಿತು. ಒಂದು ತಲೆಮಾರಿನ ಹುಡುಗರು ತಮ್ಮ ದೇಶದ ಕದನಗಳನ್ನು ಅರಿತದ್ದು ಆ ಪುಸ್ತಕಗಳಿಂದ. ಭಾಷೆ ತಿಳಿ, ಕಥನ ಚುರುಕು. ಆದರೆ ಅವುಗಳಲ್ಲಿ ಯುದ್ಧ ಬಹುಮಟ್ಟಿಗೆ ಒಂದು ಸಾಹಸಯಾತ್ರೆ. ಎರಡನೆಯ ಮಹಾಯುದ್ಧದಲ್ಲಿ ಗೆದ್ದು ಬಂದ ದೇಶದ ಆತ್ಮವಿಶ್ವಾಸ ಆ ಪುಟಗಳಲ್ಲಿ ತುಂಬಿತ್ತು.

ಕಾಲ ಬದಲಾದಂತೆ ಒಂದೇ ಯುದ್ಧದ ಕಥೆ ಹೇಗೆ ಬದಲಾಗುತ್ತದೆ ಎಂಬುದನ್ನು ಕಾಣಲು ಎರಡು ಕಾದಂಬರಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. ಎರಡೂ ಎಳೆಯ ಓದುಗರಿಗೆ ಬರೆದವು. ಎರಡರ ವಸ್ತುವೂ ಬ್ರಿಟಿಷರ ವಿರುದ್ಧ ಅಮೆರಿಕನ್ನರು ನಡೆಸಿದ ಸ್ವಾತಂತ್ರ್ಯ ಸಮರ. ಎಸ್ತರ್ ಫೋರ್ಬ್ಸ್ ಎಂಬ ಲೇಖಕಿ 'ಜಾನಿ ಟ್ರಿಮೇನ್' ಎಂಬುದನ್ನು ಪ್ರಕಟಿಸಿದ್ದು 1943ರಲ್ಲಿ, ಮಹಾಯುದ್ಧದ ನಡುವೆ. ಬಾಸ್ಟನ್ ನಗರದಲ್ಲಿ ಬೆಳ್ಳಿಯ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಕೈಸುಟ್ಟುಕೊಂಡು ಕಸುಬನ್ನು ಕಳೆದುಕೊಳ್ಳುತ್ತಾನೆ. ಸ್ವಾತಂತ್ರ್ಯದ ಹೋರಾಟದಲ್ಲಿ ಬದುಕಿಗೆ ಅರ್ಥವನ್ನು ಕಂಡುಕೊಳ್ಳುತ್ತಾನೆ. ಗೆಳೆಯ ಸಾಯುತ್ತಾನೆ, ಆ ಸಾವಿಗೆ ಒಂದು ಸಾರ್ಥಕತೆ ಇದೆ ಎಂದು ಪುಸ್ತಕ ನಂಬುತ್ತದೆ. ಮೂವತ್ತೊಂದು ವರ್ಷಗಳ ಅನಂತರ, 1974ರಲ್ಲಿ, ವಿಯೆಟ್ನಾಂ ಯುದ್ಧದ ಕಹಿ ಇನ್ನೂ ಆರದಿದ್ದಾಗ, ಕಾಲಿಯರ್ ಸಹೋದರರು 'ಮೈ ಬ್ರದರ್ ಸ್ಯಾಮ್ ಈಸ್ ಡೆಡ್' ಎಂಬ ಪುಸ್ತಕವನ್ನು ಬರೆದರು. ಇಲ್ಲಿ ತಂದೆ ರಾಜನ ಪಕ್ಷ, ಹಿರಿಯ ಮಗ ಕ್ರಾಂತಿಯ ಪಕ್ಷ. ತಂದೆ ಸಾಯುವುದು ಬ್ರಿಟಿಷರ ಸೆರೆಯಲ್ಲಿ. ಮಗನನ್ನು ಮಾಡದ ಕಳ್ಳತನಕ್ಕಾಗಿ ಅವನದೇ ಸೇನೆ ಗುಂಡಿಕ್ಕಿ ಕೊಲ್ಲುತ್ತದೆ. ಇದನ್ನೆಲ್ಲ ಕಂಡ ಕಿರಿಯ ಮಗ, ಸ್ವಾತಂತ್ರ್ಯಕ್ಕೆ ಬೇರೆ ದಾರಿ ಇರಲಿಲ್ಲವೇ ಎಂಬ ಸಂದೇಹವನ್ನು ಮುದಿತನದವರೆಗೂ ಹೊತ್ತುಕೊಂಡಿರುತ್ತಾನೆ. ಈ ಪುಸ್ತಕವನ್ನು ಶಾಲೆಗಳಲ್ಲಿ ಓದಿಸಕೂಡದೆಂಬ ಆಕ್ಷೇಪ ಅಲ್ಲಿ ಹಲವೆಡೆ ಎದ್ದಿತು. ಯುದ್ಧದ ಪುಸ್ತಕವೊಂದರಲ್ಲಿ ಎರಡು ಯುದ್ಧಗಳಿರುತ್ತವೆ: ವಸ್ತುವಾದ ಯುದ್ಧ ಒಂದು, ಬರೆಯುವಾಗ ಲೇಖಕನ ಕಿವಿಗೆ ಬೀಳುತ್ತಿದ್ದ ಯುದ್ಧ ಇನ್ನೊಂದು. ಈ ಸೂಕ್ಷ್ಮವನ್ನು ಹದಿನೈದರ ಓದುಗನಿಗೆ ಹೇಳಿಕೊಟ್ಟರೆ ಅವನು ಖಂಡಿತ ಅರಿತುಕೊಳ್ಳುತ್ತಾನೆ.

ಅಂತರ್ಯುದ್ಧವನ್ನು ಕುರಿತ ಪುಸ್ತಕಗಳಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಐರೀನ್ ಹಂಟ್ ಬರೆದ 'ಅಕ್ರಾಸ್ ಫೈವ್ ಏಪ್ರಿಲ್ಸ್'. ಇದು 1964ರ ಪುಸ್ತಕ. ಯುದ್ಧ ಆರಂಭವಾದಾಗ ಕಥಾನಾಯಕನಿಗೆ ಒಂಬತ್ತು ವರ್ಷ. ಅಣ್ಣಂದಿರಲ್ಲಿ ಒಬ್ಬ ದಕ್ಷಿಣದ ಕಡೆ, ಉಳಿದವರು ಉತ್ತರದ ಕಡೆ. ಹುಡುಗ ರಣರಂಗವನ್ನು ಒಮ್ಮೆಯೂ ಕಾಣುವುದಿಲ್ಲ. ಅವನ ಪಾಲಿಗೆ ಯುದ್ಧವೆಂದರೆ ಅಣ್ಣಂದಿರ ಕಾಗದ, ಹಳೆಯ ವೃತ್ತಪತ್ರಿಕೆ, ದುಡಿಯುವ ಕೈಗಳಿಲ್ಲದ ಹೊಲ, ಕಾಯಿಲೆ ಬಿದ್ದ ತಂದೆ. ಉಳುಮೆಯ ಭಾರವೆಲ್ಲ ಆ ಎಳೆಯ ಹೆಗಲಿನ ಮೇಲೆ ಬೀಳುತ್ತದೆ. ಲೇಖಕಿ ತನ್ನ ಅಜ್ಜ ಹೇಳುತ್ತಿದ್ದ ನೆನಪುಗಳಿಂದ ಈ ಕಥೆಯನ್ನು ಕಟ್ಟಿದಳು. ಜಿಮ್ ಮರ್ಫಿ 1990ರಲ್ಲಿ ಪ್ರಕಟಿಸಿದ 'ದಿ ಬಾಯ್ಸ್ ವಾರ್' ಕಥೆಯಲ್ಲ, ಚರಿತ್ರೆ. ಅಂತರ್ಯುದ್ಧದಲ್ಲಿ ಕಾದಾಡಿದ ಹುಡುಗರ ದಿನಚರಿಗಳನ್ನೂ ಮನೆಗೆ ಬರೆದ ಓಲೆಗಳನ್ನೂ ಹುಡುಕಿ ಹೆಣೆದದ್ದು. ಅಲ್ಲಿ ಹಸಿವು, ಹೇನು, ಭೇದಿ, ಮನೆಯ ನೆನಪು ಎಲ್ಲವೂ ಇವೆ. ದಂಡನಾಯಕರ ಪಟ್ಟಿಯನ್ನು ಪರೀಕ್ಷೆ ಮುಗಿದ ಮರುದಿನವೇ ಮರೆಯುವ ಹುಡುಗ ಈ ಓಲೆಗಳನ್ನು ಮರೆಯಲಾರ.

ಇದನ್ನೆಲ್ಲ ಹೇಳುವಾಗ, ನಮ್ಮಲ್ಲಿ ಇಂಥದು ಇರಲಿಲ್ಲ ಎಂಬ ಅಭಿಪ್ರಾಯ ಯಾರಿಗೂ ಬರಬಾರದು. ಯುದ್ಧಕ್ಕೆ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಊರೂರಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಸುರಾಂಗನೆಯರು, ಮೇಲೆ ದೇವರ ಸನ್ನಿಧಿ. ಇದಿಷ್ಟೇ ಆಗಿದ್ದರೆ ಬರಿಯ ಸ್ತುತಿಯಾಗುತ್ತಿತ್ತು. ಎಷ್ಟೋ ಶಾಸನಗಳಲ್ಲಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯ ಲೆಕ್ಕವೂ ಇದೆ. ಆ ದತ್ತಿಗೆ ನಮ್ಮ ಹಿಂದಿನವರು ಕೊಟ್ಟ ಹೆಸರು ನೆತ್ತರುಗೊಡಗೆ. ಈ ಒಂದು ಮಾತಿನಲ್ಲಿ ಯುದ್ಧದ ಅರ್ಥಶಾಸ್ತ್ರವೇ ಅಡಗಿದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾ, ಹಗೆಯ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುವ ಸಂದರ್ಭವನ್ನು ಬಲ್ಲವರು ಬಲ್ಲರು.

ಇನ್ನು ಹಲಗಲಿಯ ಬೇಡರ ಲಾವಣಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನನ್ನು ಒಪ್ಪದ ಮುಧೋಳ ಸೀಮೆಯ ಹಲಗಲಿಯ ಮೇಲೆ ಕುಂಪಣಿಯ ದಂಡು ಬಿದ್ದು ಊರನ್ನು ಸುಟ್ಟಿತು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ. ನಮ್ಮ ಹತ್ತನೆಯ ತರಗತಿಯ ಮಕ್ಕಳು ಅದನ್ನು ಪಠ್ಯದಲ್ಲಿ ಓದಿದ್ದಾರೆ. ಅದರಲ್ಲಿ ವೀರರ ಹೆಸರುಗಳಿವೆ. ಜೊತೆಗೆ ಲೂಟಿಯಾದ ಮನೆಯ ಸಾಮಾನುಗಳ ಪಟ್ಟಿಯೂ ಇದೆ. ಅಡುಗೆಮನೆಯ ಉಪ್ಪು ಎಣ್ಣೆಯಿಂದ ಹಿಡಿದು ಬೀಸುವ ಕಲ್ಲಿನವರೆಗೆ ಯಾವುದನ್ನೂ ಲಾವಣಿಕಾರ ಬಿಟ್ಟಿಲ್ಲ. ಬೀಸುವ ಕಲ್ಲನ್ನೂ ಕಳೆದುಕೊಂಡ ಮನೆಯಲ್ಲಿ ಮರುದಿನ ಏನು ನಡೆದೀತೆಂದು ಕೇಳುಗ ತಾನೇ ಊಹಿಸಿಕೊಳ್ಳುತ್ತಾನೆ. ಓದುಬರಹ ಬಾರದ ಹಾಡುಗಾರ ಕಂಡದ್ದನ್ನು ನಮ್ಮ ಎಷ್ಟೋ ಪಠ್ಯಪುಸ್ತಕಗಳು ಕಾಣದೆ ಹೋದವು.

ಅಚ್ಚಿನ ಯುಗದಲ್ಲಿಯೂ ನಮ್ಮವರು ಸುಮ್ಮನೆ ಕುಳಿತಿರಲಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ಹೊತ್ತು ತಂದರು. 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ 'ಜ್ಞಾನ ಗಂಗೋತ್ರಿ' ಏಳು ಸಂಪುಟಗಳಲ್ಲಿ ಹೊರಬಂದಿತು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ 'ಭಾರತ ಭಾರತಿ' ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಕಿರುಹೊತ್ತಗೆಗಳು ಬಂದವು. ಕಡಿಮೆ ಬೆಲೆಗೆ ಹಳ್ಳಿಹಳ್ಳಿಯ ಶಾಲೆಯನ್ನು ಮುಟ್ಟಿದವು. ಇವುಗಳ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಕಿರುಹೊತ್ತಗೆಯ ಧರ್ಮ ವ್ಯಕ್ತಿಚಿತ್ರಣ. ಅಲ್ಲಿ ರಾಣಿ ಚೆನ್ನಮ್ಮನೂ ಸಂಗೊಳ್ಳಿ ರಾಯಣ್ಣನೂ ಎದ್ದು ನಿಲ್ಲುತ್ತಾರೆ; ಅವರ ಹಿಂದೆ ನಡೆದು ಬಂದ ರೈತ, ಬಂಡಿ ಹೊಡೆದವನು, ದಂಡಿಗೆ ಹಿಟ್ಟು ಬೀಸಿಕೊಟ್ಟವಳು ನೆರಳಿನಲ್ಲಿಯೇ ಉಳಿಯುತ್ತಾರೆ. ಹತ್ತು ವರ್ಷದ ಮಗುವಿಗೆ ನಾಯಕನೊಬ್ಬ ಸಾಕು. ಹದಿನೈದರ ಹುಡುಗನಿಗೆ ನೆರಳಿನಲ್ಲಿದ್ದವರನ್ನೂ ತೋರಿಸಬೇಕಾಗುತ್ತದೆ.

ಹದಿಹರೆಯದವರಿಗೆ ಪ್ರಪಂಚದ ಚರಿತ್ರೆಯನ್ನು ಹೇಳುವ ಬಹು ದೊಡ್ಡ ಪ್ರಯತ್ನ ನಮ್ಮ ದೇಶದಲ್ಲಿ ನಡೆದದ್ದು ಸೆರೆಮನೆಯೊಳಗೆ. ಜವಾಹರಲಾಲ ನೆಹರೂ 1930ರ ಅಕ್ಟೋಬರಿನಿಂದ 1933ರ ಆಗಸ್ಟಿನವರೆಗೆ ಮಗಳಿಗೆ ಬರೆದ 196 ಪತ್ರಗಳೇ 'ಪ್ರಪಂಚದ ಇತಿಹಾಸದ ನೋಟಗಳು'. ಮೊದಲ ಪತ್ರದ ಹೊತ್ತಿಗೆ ಮಗಳಿಗೆ ಹದಿಮೂರು ತುಂಬುವುದರಲ್ಲಿತ್ತು. ಅವುಗಳಲ್ಲಿ ಅಮೆರಿಕದ ಅಂತರ್ಯುದ್ಧಕ್ಕೂ ಒಂದು ಪತ್ರ ಮೀಸಲಾಗಿದೆ. ಗ್ರಂಥಾಲಯವಿಲ್ಲದ ಜಾಗದಲ್ಲಿ ಕುಳಿತು, ದೂರದ ಯುದ್ಧವನ್ನು ಮಗಳ ಹತ್ತಿರಕ್ಕೆ ತಂದ ಆ ತಂದೆಯ ರೀತಿ ನಮಗೆ ಮಾದರಿಯಾಗಬೇಕು. ಆ ಯುದ್ಧವನ್ನು ತನ್ನ ನೆಲದಿಂದ ಓದಿದ ಇನ್ನೊಬ್ಬ ಹಿರಿಯ ಜೋತಿರಾವ್ ಫುಲೆ. 1873ರಲ್ಲಿ ತಮ್ಮ 'ಗುಲಾಮಗಿರಿ' ಗ್ರಂಥವನ್ನು ಅವರು ಅರ್ಪಿಸಿದ್ದು, ನೀಗ್ರೋ ಗುಲಾಮರ ಬಿಡುಗಡೆಗಾಗಿ ಶ್ರಮಿಸಿದ ಅಮೆರಿಕದ ಜನರಿಗೆ. ಪುಣೆಯಲ್ಲಿದ್ದವರಿಗೆ ಆ ಯುದ್ಧ ತಮ್ಮದು ಎನ್ನಿಸಿದ್ದರೆ ಮೋಕದ ಹುಡುಗನಿಗೇಕೆ ಎನ್ನಿಸಬಾರದು?

ಈಗ ನಾನು ಅವನಿಗೆ ಕೊಡಬೇಕಾಗಿದ್ದ ಉತ್ತರಕ್ಕೆ ಬರುತ್ತೇನೆ. ಆ ಉತ್ತರದ ಹೆಸರು ಹತ್ತಿ.

ವೇದಾವತಿಯನ್ನು ನಾವು ಹಗರಿ ಎಂದು ಕರೆಯುತ್ತೇವೆ. ಹಗರಿಯ ಎರಡೂ ಕಡೆಯ ಎರೆಭೂಮಿ ಬಹುಕಾಲದಿಂದ ಹತ್ತಿಯ ನೆಲ. ತುಂಗಭದ್ರೆಯ ಕಾಲುವೆ ಬಂದು ಸಿರುಗುಪ್ಪದ ಕಡೆ ಭತ್ತದ ಗದ್ದೆಗಳು ಹರಡುವುದಕ್ಕೆ ಮೊದಲು, ಮಳೆಯನ್ನೇ ನಂಬಿದ ಈ ಬಯಲಿನಲ್ಲಿ ರೈತರು ನವಣೆಯ ಸಾಲಿನ ನಡುವೆ ಹತ್ತಿಯನ್ನು ಹಾಕುತ್ತಿದ್ದರು: ನವಣೆ ಹೊಟ್ಟೆಗೆ, ಹತ್ತಿ ಕಂದಾಯಕ್ಕೆ. ಬಳ್ಳಾರಿಯ ಹತ್ತಿಗೆ ಮುಂದೆ ಪೇಟೆಯಲ್ಲಿ 'ವೆಸ್ಟರ್ನ್ಸ್' ಎಂಬ ಹೆಸರು ನಿಂತಿತು. ಹಗರಿಯಲ್ಲಿ 1906ರಲ್ಲಿ ಕೃಷಿ ಸಂಶೋಧನಾ ಕೇಂದ್ರವೂ ಆರಂಭವಾಯಿತು. ಆದರೆ 1860ಕ್ಕೆ ಮೊದಲು ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಿಗೆ ನಮ್ಮ ಮೋಟು ಎಳೆಯ ಹತ್ತಿ ಅಷ್ಟಾಗಿ ಬೇಕಾಗಿರಲಿಲ್ಲ. ಅವರಿಗೆ ಬೇಕಾದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಹೋಗುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದವರ ಸಂತತಿಯಾದ ಗುಲಾಮರು. 1860ರಲ್ಲಿ ಅಲ್ಲಿದ್ದ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಮನುಷ್ಯರನ್ನು ದನಗಳಂತೆ ಹರಾಜಿನಲ್ಲಿ ಕೊಳ್ಳುತ್ತಿದ್ದರು. ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಮಾರುತ್ತಿದ್ದರು.

ಗುಲಾಮಗಿರಿ ಹೊಸ ಪ್ರಾಂತಗಳಿಗೆ ಹಬ್ಬಬಾರದೆಂಬ ಪಕ್ಷದ ಲಿಂಕನ್ ಅಧ್ಯಕ್ಷನಾಗಿ ಆರಿಸಿ ಬಂದೊಡನೆ ದಕ್ಷಿಣದ ಸಂಸ್ಥಾನಗಳು ಒಕ್ಕೂಟವನ್ನು ಬಿಡತೊಡಗಿದವು; ಕೊನೆಗೆ ಬಿಟ್ಟವು ಹನ್ನೊಂದು. 1861ರ ಏಪ್ರಿಲ್ 12ರಂದು ಯುದ್ಧದ ಮೊದಲ ಗುಂಡು ಹಾರಿತು. ಅದೇ ತಿಂಗಳು ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ವಿಧಿಸಿದ. ಹತ್ತಿಯ ಹಡಗುಗಳು ನಿಂತವು. ಲ್ಯಾಂಕಶೈರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು, ಲಕ್ಷಾಂತರ ಕೂಲಿಗಾರರು ಹೊಟ್ಟೆಗಿಲ್ಲದೆ ಬೀದಿಗೆ ಬಿದ್ದರು. ಹೀಗಿದ್ದೂ 1862ರ ಕೊನೆಯ ದಿನ ಮ್ಯಾಂಚೆಸ್ಟರಿನ ಕೂಲಿಗಾರರು ಸಭೆ ಸೇರಿ, ಗುಲಾಮರ ಬಿಡುಗಡೆಯ ಕಾರ್ಯವನ್ನು ತಾವು ಬೆಂಬಲಿಸುವುದಾಗಿ ಲಿಂಕನ್ನನಿಗೆ ಪತ್ರ ಕಳುಹಿಸಿದರು. ಅವನು ಮರು ತಿಂಗಳೇ ಉತ್ತರ ಬರೆದ. ಆ ಯುದ್ಧದ ಪುಸ್ತಕದಲ್ಲಿ ಈ ಪ್ರಸಂಗಕ್ಕೆ ಯಾವ ಕದನಕ್ಕಿಂತಲೂ ಕಡಿಮೆಯಿಲ್ಲದ ಸ್ಥಾನ ಸಲ್ಲಬೇಕು.

ಗಿರಣಿಯ ಒಡೆಯರ ಕಣ್ಣು ಆಗ ಭಾರತದ ಮೇಲೆ ಬಿತ್ತು. ಧಾರವಾಡದ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜವನ್ನು ಬಿತ್ತಿ ನೋಡಿದ್ದರು. ಆ ಹತ್ತಿಗೆ 'ಧಾರವಾಡ-ಅಮೆರಿಕನ್' ಎಂದೇ ಹೆಸರು. ನಮ್ಮ ನಾಡಿನ ಜವಾರಿ ಹತ್ತಿ ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಲಿವರ್‌ಪೂಲಿನ ಪೇಟೆಯಲ್ಲಿ ಅದು 'ಕುಮಟಾ ಹತ್ತಿ'. ಬಳ್ಳಾರಿಗೆ ರೈಲು ಇನ್ನೂ ಬಂದಿರಲಿಲ್ಲ. ಇಲ್ಲಿನ ಹತ್ತಿಯ ಅಂಡಿಗೆಗಳು ಎತ್ತಿನ ಬಂಡಿಗಳ ಮೇಲೆ ಕೆಲವು ಮದರಾಸಿಗೂ ಕೆಲವು ಘಟ್ಟದ ಕೆಳಗಿನ ಬಂದರುಗಳಿಗೂ ವಾರಗಟ್ಟಲೆ ಪ್ರಯಾಣ ಮಾಡುತ್ತಿದ್ದವು. ಲಿವರ್‌ಪೂಲಿನಲ್ಲಿ ಬೆಲೆ ಮೂರು ನಾಲ್ಕು ಪಟ್ಟು ಏರಿತು. ಮಧ್ಯಭಾರತದ ಹತ್ತಿಯ ಸೀಮೆಯಲ್ಲಿ ರೈತರು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹಾಕಿಸಿದರೆಂಬ ಮಾತು ಆ ಕಾಲದ ಬರಹಗಳಲ್ಲಿದೆ. ದುರಾಸೆಯೂ ಹಿಂದೆಯೇ ಬಂದಿತು: ಹತ್ತಿಗೆ ಕಾಳು, ಕಸ, ನೀರು ಬೆರೆಸಿ ತೂಕ ಹೆಚ್ಚಿಸುವ ವ್ಯಾಪಾರಿಗಳನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನ ಆಡಳಿತದಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಧಾರವಾಡದ ಹತ್ತಿಯೂ ಕಾರವಾರದ ಬಂದರೂ ಒಂದೇ ಆಡಳಿತದ ಕೆಳಗೆ ಬರಲಿ ಎಂಬ ಹತ್ತಿ ವ್ಯಾಪಾರದ ಒತ್ತಾಯವೇ ಇದಕ್ಕೆ ಮುಖ್ಯ ಕಾರಣ. ಕನ್ನಡನಾಡು ಹರಿದು ಹಂಚಿಹೋದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಹರಕಿನ ಒಂದು ಅಂಚನ್ನು ಎಳೆದದ್ದು ಹತ್ತಿಯ ನೂಲು ಎಂಬುದನ್ನು ಹೇಳುವುದಿಲ್ಲ.

1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಅದೇ ವಾರ ಲಿಂಕನ್ ಕೊಲೆಯಾದ. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. 40 ಲಕ್ಷ ಗುಲಾಮರು ಬಿಡುಗಡೆಯಾಗಿದ್ದರು. ಅತ್ತ ಶಾಂತಿಯಾದೊಡನೆ ಇತ್ತ ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯ ಷೇರು ವ್ಯಾಪಾರ ಆ ವರ್ಷವೇ ನೆಲಕಚ್ಚಿ ಶ್ರೀಮಂತರು ಪಾಪರಾದರು. ಆ ಕಥೆ ಪುಸ್ತಕಗಳಲ್ಲಿದೆ. ಒಳ್ಳೆಯ ಬೆಲೆಯ ಭರವಸೆಯಲ್ಲಿ ಸಾವುಕಾರನಿಂದ ಸಾಲ ತಂದ ರೈತನ ಕಥೆ ಅಷ್ಟಾಗಿ ಬರೆಹಕ್ಕೆ ಬರಲಿಲ್ಲ. 1866ರಲ್ಲಿ ಬಳ್ಳಾರಿ ಸೀಮೆಗೆ ಬರ ಬಂದಿತು. 1875ರಲ್ಲಿ ಪುಣೆ, ಅಹಮದನಗರದ ಕಡೆ ಸಾಲಕ್ಕೆ ಸಿಕ್ಕ ರೈತರು ಸಾವುಕಾರರ ಸಾಲಪತ್ರಗಳನ್ನು ಸುಟ್ಟುಹಾಕಿದರು. ಮರು ವರ್ಷ ಹಿರಿಯರು ಧಾತು-ಈಶ್ವರದ ಬರ ಎಂದು ಕರೆದ ಮಹಾಕ್ಷಾಮ ಆರಂಭವಾಯಿತು. 1876ರಿಂದ 1878ರವರೆಗಿನ ಆ ಕ್ಷಾಮದಲ್ಲಿ ಮದರಾಸು ಪ್ರಾಂತದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಪರಿಹಾರದ ಕೆಲಸದಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ ಸಾಕೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ನಿಗದಿ ಮಾಡಿದ.

ಇಲ್ಲಿ ಲೇಖಕ ಎಚ್ಚರದಿಂದಿರಬೇಕು. ಅಮೆರಿಕದ ಯುದ್ಧದಿಂದ ಬಳ್ಳಾರಿಯಲ್ಲಿ ಕ್ಷಾಮ ಬಂದಿತು ಎಂದು ಬರೆದರೆ ಅದು ಸುಳ್ಳು. ಕ್ಷಾಮ ಬಂದದ್ದು ಮಳೆ ಹೋದದ್ದರಿಂದ. ಆದರೆ ಮಳೆ ಹೋದಾಗ ರೈತನ ಹಗೇವಿನಲ್ಲಿ ಎಷ್ಟು ಕಾಳಿತ್ತು, ತಲೆಯ ಮೇಲೆ ಎಷ್ಟು ಸಾಲವಿತ್ತು, ಸರ್ಕಾರಕ್ಕೆ ಎಷ್ಟು ಕರುಣೆಯಿತ್ತು ಎಂಬ ಪ್ರಶ್ನೆಗಳು ಮಳೆಗೆ ಸೇರಿದವಲ್ಲ. ಆ ಪ್ರಶ್ನೆಗಳ ಬೇರನ್ನು ಹಿಡಿದು ಹೊರಟರೆ ಕೆಲವು ಬೇರುಗಳು ಸಮುದ್ರದಾಚೆಗೂ ಹೋಗುತ್ತವೆ. ಸ್ವೆನ್ ಬೆಕರ್ಟ್ ಎಂಬ ಇತಿಹಾಸಕಾರ 2014ರಲ್ಲಿ ಹತ್ತಿಯ ಜಾಗತಿಕ ಚರಿತ್ರೆಯೊಂದನ್ನು ಬರೆದು ಇದನ್ನು ವಿಸ್ತಾರವಾಗಿ ತೋರಿಸಿದ್ದಾನೆ. ಬಿಡುಗಡೆಯಾದ ಗುಲಾಮ ಅಲ್ಲಿ ಪಾಲಿಗೆ ಉಳುವ ಸಾಲಗಾರನಾದ, ನಮ್ಮ ರೈತ ಇಲ್ಲಿ ಸಾಲಗಾರನಾದ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರ ಬೆಲೆಯನ್ನೂ ಕಟ್ಟುತ್ತಿದ್ದದ್ದು ಲಿವರ್‌ಪೂಲು.

ಎಚ್ಚರದ ಇನ್ನೊಂದು ಮಾತು. ಲಿಂಕನ್ ತನ್ನ ಮಗನ ಉಪಾಧ್ಯಾಯರಿಗೆ ಬರೆದದ್ದೆಂದು ಒಂದು ಪತ್ರ ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲೆ ತೂಗುತ್ತಿದೆ. ಮಾತುಗಳು ಸುಂದರವಾಗಿವೆ. ಆದರೆ ಲಿಂಕನ್ನನ ಸಂಗ್ರಹಿತ ಬರಹಗಳಲ್ಲಿ ಅಂಥ ಪತ್ರವಿಲ್ಲ. ನಾನು ಸಹ ಅದನ್ನು ಅನೇಕ ಸಭೆಗಳಲ್ಲಿ ಭಾವಪೂರ್ಣವಾಗಿ ಓದಿ ಚಪ್ಪಾಳೆ ಗಿಟ್ಟಿಸಿದವನು ಎಂದು ಒಪ್ಪಿಕೊಳ್ಳುತ್ತೇನೆ. ಸುಳ್ಳು ಪತ್ರದಿಂದ ಒಳ್ಳೆಯ ನೀತಿಯನ್ನು ಕಲಿಸಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಇಂದು ಒಳ್ಳೆಯದಕ್ಕಾಗಿ ಸುಳ್ಳು ಪತ್ರವನ್ನು ನಂಬಿದ ಹುಡುಗ ನಾಳೆ ದ್ವೇಷಕ್ಕಾಗಿ ಹುಟ್ಟಿಸಿದ ಸುಳ್ಳನ್ನೂ ನಂಬುತ್ತಾನೆ. ಯುದ್ಧಗಳು ಅಂಥ ಸುಳ್ಳುಗಳಿಂದಲೇ ಹೊತ್ತಿಕೊಳ್ಳುತ್ತವೆ.

ಕೆಲವು ದಿನಗಳ ಅನಂತರ ಆ ಹುಡುಗನನ್ನು ನಾನೇ ಕರೆಸಿ ಈ ಕಥೆಯನ್ನೆಲ್ಲ ಹೇಳಿದೆ. ಹತ್ತಿಯ ಮಾತು ಬಂದಾಗ ಅವನು ತಾನು ತೊಟ್ಟಿದ್ದ ಜೀನ್ಸನ್ನು ಮುಟ್ಟಿ ನೋಡಿಕೊಂಡ. ಅಮೆರಿಕದ ಗಣಿಗಾರರಿಗೆಂದು ಹುಟ್ಟಿದ ಉಡುಪು ಅದು. ಈಗ ನಮ್ಮ ಬಳ್ಳಾರಿಯಲ್ಲಿಯೇ ಹೊಲಿದು ದೂರದೂರಿಗೆ ಹೋಗುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ತಾತಾ, ಆ ಯುದ್ಧದಾಗ ಗೆದ್ದೋರು ಯಾರು?" ಎಂದು ಕೇಳಿದ.

ಈ ಸಲ ನಾನು ಅವಸರಪಡಲಿಲ್ಲ. ಗುಲಾಮರಿಗೆ ಬಿಡುಗಡೆ ದೊರೆತದ್ದು ನಿಜವಾದ ಗೆಲುವು. ಯುದ್ಧವೆಲ್ಲ ವ್ಯರ್ಥ ಎಂದು ಹೇಳಿ ಅದನ್ನು ಚಿಕ್ಕದು ಮಾಡಬಾರದು ಎಂದೆ. ಆ ಗೆಲುವಿಗೆ ಬೆಲೆ ತೆತ್ತವರಲ್ಲಿ ರಣರಂಗದಲ್ಲಿ ಮಡಿದ ಅವನ ವಯಸ್ಸಿನ ಹುಡುಗರಿದ್ದರು, ಗಿರಣಿಯ ಕೂಲಿಗಾರರಿದ್ದರು, ಆ ಯುದ್ಧದ ಹೆಸರನ್ನೂ ಕೇಳದೆ ಅದರ ಏರಿಳಿತಕ್ಕೆ ಸಿಕ್ಕ ನಮ್ಮ ಸೀಮೆಯ ರೈತರೂ ಇದ್ದರು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ, ಅವರಿಗೆ ಯಾರೂ ನೆತ್ತರುಗೊಡಗೆ ಬಿಡಲಿಲ್ಲ ಎಂದೆ. ಹುಡುಗ ಈ ಸಲ ತಲೆಯಾಡಿಸಲಿಲ್ಲ. "ಆ ಬರ ನಮ್ಮೂರಿಗೆ ಬಂದಾಗ ನಮ್ಮನೆಯೋರು ಇಲ್ಲೇ ಇದ್ರಾ?" ಎಂದು ಕೇಳಿದ. ನನಗೆ ಗೊತ್ತಿಲ್ಲ, ನಿಮ್ಮ ಅಜ್ಜಿಯನ್ನು ಕೇಳು ಎಂದೆ.

ಅವನು ಕೇಳಲು ಹೋಗಿದ್ದಾನೆ. ಚರಿತ್ರೆಯ ಪುಸ್ತಕ ಹದಿಹರೆಯದವರಿಗೆ ಮಾಡಬೇಕಾದ ಕೆಲಸ ಇದೇ ಎಂದು ನನಗೆ ತೋರುತ್ತದೆ. ಇಂಥ ಪುಸ್ತಕಗಳು ಕನ್ನಡದಲ್ಲಿ ಬರಬೇಕು. ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿಯ ಸೈನಿಕರನ್ನು ತಂದು ಇರಿಸಿದ್ದು ಬಳ್ಳಾರಿಯಲ್ಲಿ. ಲೋಕದ ಯಾವ ಯುದ್ಧವೂ ನಮ್ಮ ಊರುಗಳನ್ನು ಮುಟ್ಟದೆ ಹೋಗಿಲ್ಲ. ಮುಟ್ಟಿದ ಗುರುತನ್ನು ನಮ್ಮ ಹುಡುಗರಿಗೆ ತೋರಿಸಿ ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬರೆಯಬೇಕಷ್ಟೆ.

(ಬಾನುಲಿ ಭಾಷಣ, ಆಕಾಶವಾಣಿಯ ಸೌಜನ್ಯದಿಂದ)